ಭಾನುವಾರದ ಪಂಚಾಯ್ತಿ

ನನಗೊಂದು ಚಾಳಿಯಿದೆ. ಮನೆಯಲ್ಲಿ ಯಾರು ಏನು ಹೇಳಿದರೂ "ಅನುಮೋದಿಸುತ್ತೇನೆ" ಎಂದುಬಿಡುತ್ತೇನೆ. "ಇವತ್ತು ಹುರುಳಿಕಾಳು ಬಸ್ಸಾರು" ಎಂದು ಹೆಂಡತಿ ಅಡುಗೆಮನೆಯಿಂದ ಹೇಳಿದರೆ, ನಾನು ಪೇಪರಿನಿಂದ ಕಣ್ಣೆತ್ತದೆಯೇ ಅನುಮೋದಿಸುತ್ತೇನೆ. ಪಕ್ಕದ ಮನೆಯವರು ಬಂದು ಸೆಕೆ ಬಹಳ ಎಂದರೆ ಸೆಕೆಯನ್ನೂ ಅನುಮೋದಿಸುತ್ತೇನೆ. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದೇ ತಿಳಿದಿದ್ದೆ, ನನ್ನ ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರೆಗೆ. ಅವತ್ತು ನಮ್ಮ ಸೋದರತ್ತೆ ನನ್ನ ಕಿವಿಯ ಹತ್ತಿರ ಬಾಗಿ, "ಗಂಡಿನ ಮೂಗು ಒಸಿ ಸೊಟ್ಟ ಅಲ್ವೇನ್ಲಾ?" ಎಂದು ಪಿಸುಗುಟ್ಟಿದರು. ತುಂಬಿದ ನಡುಮನೆಯಲ್ಲಿ ನಾನು ಗಟ್ಟಿಯಾಗಿ, "ಅನುಮೋದಿಸುತ್ತೇನೆ" ಎಂದೆ. ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟು, "ಏನನ್ನ?" ಎಂದು ಕೇಳಿದರು. "ಈ ಸಂಬಂಧವನ್ನ" ಎಂದು ಹೇಳಿ ಹೇಗೋ ಬಚಾವಾದೆ. ಮದುವೆಯೂ ಆಯಿತು. ಮೂಗು ಈಗಲೂ ಹಾಗೆಯೇ ಇದೆ.

"ನಿಮ್ಮನ್ನ ಕಟ್ಕೊಂಡಿದ್ದಲ್ಲ, ಒಂದು ಪಂಚಾಯ್ತಿ ಆಫೀಸನ್ನೇ ಕಟ್ಕೊಂಡಂಗಾಯ್ತು" ಎನ್ನುತ್ತಾಳೆ ಹೆಂಡತಿ. ಮಾತೇನೋ ನಿಜ. ನಾನೂ ಅವಳ ಜೊತೆ ನಗುತ್ತೇನೆ. ಆದರೆ ಈ ಶಬ್ದವನ್ನು ನನ್ನ ಬಾಯಿಗೆ ಹಾಕಿದವರ ನೆನಪು ಬಂದರೆ ನಗು ಅರ್ಧಕ್ಕೇ ನಿಂತುಹೋಗುತ್ತದೆ.

ಅವರು ರಾಮಯ್ಯ ಮೇಷ್ಟ್ರು.

ನಮ್ಮೂರು ಗುಂಡ್ಲುಪೇಟೆ ಸೀಮೆಯದು. ಭೀಮನಬೀಡಿನ ಕಡೆಯ ಹೊಲಗಳಿಂದ ಯಾರಾದರೂ ದನವನ್ನು ಕೂಗಿ ಕರೆದರೆ ನಮಗೆ ಕೇಳಿಸುತ್ತಿತ್ತು ಎನ್ನುವಷ್ಟು ಹತ್ತಿರ. ಹೆಸರು ಹೇಳುವುದು ಬೇಡ. ಈ ಕತೆಯಲ್ಲಿ ಬರುವ ಮನೆತನದವರು ಅಲ್ಲಿ ಇವತ್ತಿಗೂ ಇದ್ದಾರೆ, ಸಿಕ್ಕಿದಾಗ ನನಗೆ ಎಲೆಯಡಿಕೆ ಕೊಟ್ಟು ಚೆನ್ನಾಗಿಯೇ ಮಾತಾಡಿಸುತ್ತಾರೆ.

ನಾನು ಚಿಕ್ಕವನಾಗಿದ್ದಾಗ ಪಂಚಾಯ್ತಿ ಎಂದರೆ ಚಾವಡಿ, ಚಾವಡಿಯೆಂದರೆ ಹೊಗೆಸೊಪ್ಪಿನ ವಾಸನೆ. ಊರಿನ ದೊಡ್ಡವರು ಕಂಬಕ್ಕೊರಗಿ ಕೂತಿರುತ್ತಿದ್ದರು. ಒಬ್ಬರು ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವ ಮುಂಚೆ ಒಂದು ಎತ್ತಿನಗಾಡಿ ಹಾದುಹೋಗುವಷ್ಟು ಹೊತ್ತು ಮೌನ. ನಾವು ಹುಡುಗರು ಕಿಟಕಿಯಲ್ಲಿ ಇಣುಕಿದರೆ "ಓಗ್ರುಲಾ ಆಚ್ಗೆ" ಎಂದು ಯಾರಾದರೂ ಗದರುತ್ತಿದ್ದರು. ಹೀಗಾಗಿ ಪಂಚಾಯ್ತಿ ಎನ್ನುವುದು ನರೆಗೂದಲಿನ ಹಾಗೆ, ವಯಸ್ಸಾದ ಮೇಲೆ ತಾನಾಗಿ ಬರುತ್ತದೆ, ಅದಕ್ಕೆ ನಾವು ಮಾಡಬೇಕಾದ್ದು ಏನೂ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ನಮ್ಮಪ್ಪನಿಗೆ ತಲೆ ನೆರೆಯಿತು, ಪಂಚಾಯ್ತಿ ಬರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇರಬೇಕು ಎಂದು ಆಗ ಮೊದಲ ಸಲ ಅನ್ನಿಸಿತ್ತು.

ಐವತ್ತರ ದಶಕ ಶುರುವಾದಾಗ ನಾನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಫೇಲಾಗಿ ಊರಿಗೆ ವಾಪಸಾಗಿದ್ದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜಗಲಿಯ ಮೇಲೆ ಕೂರುವುದು ನನ್ನ ಉದ್ಯೋಗ. ಜೊತೆಗೆ ಕೂರಲು ಬರುತ್ತಿದ್ದವನು ಗುರುಮಲ್ಲ. ಅವನು ಮಿಡ್ಲಿಸ್ಕೂಲಿಗೇ ಓದು ಬಿಟ್ಟವನು. ಅಪ್ಪ ಇಲ್ಲ. ತಾಯಿ ಮಗ ಇಬ್ಬರೂ ಸೇರಿ ಒಂದು ತುಂಡು ಜಮೀನಿನಲ್ಲಿ ಅರಿಶಿನ ಬೆಳೆಯುತ್ತಿದ್ದರು. ಕೊಯ್ಲಿನ ಕಾಲದಲ್ಲಿ ಅವನ ಕೈ, ಅಂಗಿ, ಹಣೆಗೆ ಹಚ್ಚಿದ ವಿಭೂತಿ ಎಲ್ಲವೂ ಹಳದಿಯಾಗಿರುತ್ತಿತ್ತು. ಊರಿನ ಪಟೇಲರು ಅವನಿಗೆ ದೂರದ ನಂಟಿನಲ್ಲಿ ದೊಡ್ಡಪ್ಪ ಆಗಬೇಕು. ಮನೆತನ ಒಂದೇ, ದೇವರು ಒಂದೇ. ಹಬ್ಬದ ದಿನ ಪಟೇಲರ ಮನೆಯಿಂದ ಗುರುಮಲ್ಲನ ಮನೆಗೆ ಒಬ್ಬಟ್ಟು ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಕೆಲಸಕ್ಕೆ ಕರೆ ಬರುತ್ತಿತ್ತು.

ರಾಮಯ್ಯ ಮೇಷ್ಟ್ರು ಸಂತೆಮರಹಳ್ಳಿಯವರು. ಮದುವೆಯಾಗಿರಲಿಲ್ಲ. ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ತಾವೇ ಅನ್ನ ಬೇಯಿಸಿಕೊಂಡು ಇದ್ದರು. ನಮಗೆಲ್ಲ ಅಕ್ಷರ ಕಲಿಸಿದವರು ಅವರೇ. ತಪ್ಪು ಮಾಡಿದವರನ್ನು ಹೊಡೆಯುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, "ಯಾಕೆ ಹೀಗೆ ಮಾಡಿದೆ, ವಿವರವಾಗಿ ಹೇಳು" ಎನ್ನುತ್ತಿದ್ದರು. ಏಟು ತಿಂದು ಓಡಿಹೋಗುವ ಸುಖ ಅದರಲ್ಲಿರಲಿಲ್ಲ. ನಾನೊಮ್ಮೆ ಇನ್ನೊಬ್ಬನ ಬಳಪ ಕದ್ದದ್ದಕ್ಕೆ ಎಷ್ಟು ವಿವರ ಕೊಡಬೇಕಾಯಿತೆಂದರೆ, ಕೊನೆಗೆ ಸುಸ್ತಾಗಿ ನನ್ನ ಬಳಪವನ್ನೂ ಅವನಿಗೇ ಕೊಟ್ಟುಬಿಟ್ಟೆ.

ಆ ಮೇಷ್ಟ್ರು ಒಂದು ಸಂಜೆ ಪೇಪರು ಹಿಡಿದು ನಮ್ಮ ಜಗಲಿಗೆ ಬಂದರು. ಪಂಚಾಯ್ತಿಗೆ ಇನ್ನು ಮೇಲೆ ಊರಿನ ಪ್ರತಿಯೊಬ್ಬರೂ ಓಟು ಹಾಕುತ್ತಾರೆ, ಹೆಂಗಸರೂ ಹಾಕುತ್ತಾರೆ, ಮರೆಯಲ್ಲಿ ಹಾಕುತ್ತಾರೆ, ಯಾರಿಗೆ ಹಾಕಿದರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಓದಿ ಹೇಳಿದರು. ಪೇಪರು ಮಡಿಸಿ, "ನೀವು ನಿಲ್ಲಿ" ಎಂದರು.

"ಎಲ್ಲಿ ಸಾ?" ಎಂದ ಗುರುಮಲ್ಲ.

"ಚುನಾವಣೆಗೆ ಕಣೋ."

ನಾವು ನಕ್ಕುಬಿಟ್ಟೆವು. "ನಾವು ಹುಡುಗ್ರು ಸಾ. ನಮ್ಮಾತ ಯಾರ್ ಕೇಳ್ತರ?"

"ಕೇಳೋ ಹಾಗೆ ಮಾತಾಡಕ್ಕೆ ಕಲ್ತ್ಕೊಳ್ಳಿ. ಭಾನುವಾರ ಶಾಲೆ ಹತ್ರ ಬನ್ನಿ."

ಹಾಗೆ ಶುರುವಾದದ್ದು ಭಾನುವಾರದ ಪಂಚಾಯ್ತಿ. ಶಾಲೆಯ ಜಗಲಿಯ ಮೇಲೆ ನಾವು ಏಳೆಂಟು ಜನ ಸುತ್ತ ಕೂರುವುದು. ಒಬ್ಬ ಅಧ್ಯಕ್ಷ. ಒಬ್ಬ ಒಂದು ವಿಷಯ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಮಿಕ್ಕವರು ಒಬ್ಬರ ಮೇಲೊಬ್ಬರು ಬೀಳದೆ ಮಾತಾಡಬೇಕು. ಕೆರೆಯಲ್ಲಿ ಎಮ್ಮೆ ತೊಳೆಯುವ ಜಾಗ ಯಾವುದು, ಬಟ್ಟೆ ಒಗೆಯುವ ಜಾಗ ಯಾವುದು ಎಂದು ಒಂದು ಇಡೀ ಮಧ್ಯಾಹ್ನ ಚರ್ಚೆಯಾಯಿತು. ಎಮ್ಮೆಯ ಪರ ಮಾತಾಡಿದವನು ಗೆದ್ದ. ಇನ್ನೊಂದು ವಾರ ಒಬ್ಬ ಪಟೇಲರ ಹಾಗೆ ಮೀಸೆ ತಿರುವಿ, ಪಟೇಲರ ಹಾಗೆಯೇ "ಊಂ, ನೋಡನ" ಎಂದು ಮೂರು ಸಲ ಹೇಳಿ ಎಲ್ಲರನ್ನೂ ಬಿದ್ದುಬಿದ್ದು ನಗಿಸಿದ. ಆ ನಗು ಪಟೇಲರ ಮನೆಯವರೆಗೂ ಹೋಯಿತೆಂದು ಆಮೇಲೆ ತಿಳಿಯಿತು.

ನನಗೆ ಸೂಚಿಸಲು ಯಾವ ವಿಷಯವೂ ಹೊಳೆಯುತ್ತಿರಲಿಲ್ಲ. "ಪರವಾಗಿಲ್ಲ, ನಿನಗೆ ಸ್ವಂತ ಯೋಚನೆ ಬರೋವರೆಗೆ ಅನುಮೋದಿಸ್ತಾ ಇರು" ಎಂದರು ಮೇಷ್ಟ್ರು. ಇವತ್ತಿಗೂ ಅನುಮೋದಿಸುತ್ತಲೇ ಇದ್ದೇನೆ.

ಗುರುಮಲ್ಲ ಹಾಗಲ್ಲ. ಅವನು ಮೊದಲ ವಾರಗಳಲ್ಲಿ ಬಾಯಿಯನ್ನೇ ಬಿಡಲಿಲ್ಲ. ಆಮೇಲೆ ಬಿಟ್ಟಾಗ ಅವನು ಕೇಳುತ್ತಿದ್ದದ್ದು ತೀರ ಸಣ್ಣ ಪ್ರಶ್ನೆಗಳು. "ಅದು ಅಲ್ಲೇ ಯಾಕ ಇರ್ಬೇಕು?" "ಅದ ಯಾರು ಏಳುದ್ರು?" ಈ ಪ್ರಶ್ನೆಗಳಿಗೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಆಗ ತಲೆ ತಗ್ಗಿಸಿ ತಮ್ಮಷ್ಟಕ್ಕೆ ತಾವು ನಗುತ್ತಿದ್ದರು.

ಚುನಾವಣೆ ಬಂತು. ನಮ್ಮ ಬೀದಿಯಿಂದ ನಾನು ನಿಂತೆ, ಅವನ ಬೀದಿಯಿಂದ ಅವನು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಒಂದು ಚಿತ್ರ. ನನ್ನದು ತಕ್ಕಡಿ. ನನ್ನ ಎದುರಾಳಿ, ಪಟೇಲರ ಕಡೆಯವರು, ಅವರದು ಹಸು. ನಾನು ಇಸ್ತ್ರಿ ಶರ್ಟು ಹಾಕಿಕೊಂಡು ಮನೆಮನೆಗೆ ಹೋಗಿ ನ್ಯಾಯ, ಸಮಾನತೆ, ತಕ್ಕಡಿಯ ಮಹತ್ವ ಎಲ್ಲವನ್ನೂ ಹೇಳಿದೆ. ಹೀನಾಯವಾಗಿ ಸೋತೆ. ಸೋತದ್ದಕ್ಕಿಂತ ಹೆಚ್ಚಾಗಿ ನೆನಪಿರುವುದು ಅವತ್ತು ಊಟಕ್ಕೆ ಬಡಿಸುತ್ತ ನಮ್ಮವ್ವ ಹೇಳಿದ್ದು:

"ನಾನೂ ಹಸುಗೇ ಆಕ್ದೆ ಕಣಪ್ಪ."

"ಯಾಕವ್ವಾ?"

"ಹಸ ಎದುರ್ಗೇ ನಿಂತದ. ಅದ ಬುಟ್ಟು ತಕ್ಕಡಿಗಾಕುದ್ರ ಪಾಪ ಬರಲ್ವ? ನಿಂಗೇ ತಟ್ಟದು."

ಹೀಗೆ ನನ್ನನ್ನು ಪಾಪದಿಂದ ಕಾಪಾಡಲು ನಮ್ಮವ್ವ ನನ್ನನ್ನೇ ಸೋಲಿಸಿದಳು.

ಗುರುಮಲ್ಲ ಗೆದ್ದ. ಅವನ ಪೆಟ್ಟಿಗೆಯ ಮೇಲೆ ಏಣಿಯಿತ್ತು, ಎದುರಿಗೆ ಹಸು ಇರಲಿಲ್ಲ. ಅಷ್ಟೇ ಕಾರಣವೆಂದು ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ನಿಜವಾಗಿ ಅವನ ಬೀದಿಯ ಹೆಂಗಸರು ಪರದೆಯ ಹಿಂದೆ ಹೋಗಿ ಗಂಡಂದಿರಿಗೆ ಹೇಳದೆ ಏಣಿಗೆ ಹಾಕಿ ಬಂದಿದ್ದರು. ಪಟೇಲರೇ ಅಧ್ಯಕ್ಷರಾದರು. ಮಿಕ್ಕ ಸದಸ್ಯರೆಲ್ಲ ಹಳಬರೇ. ಮೀಸಲು ಜಾಗದಿಂದ ಕೆಳಗಿನಕೇರಿಯ ಕಾಳಯ್ಯ ಬಂದಿದ್ದ. ಅವನು ಪಟೇಲರ ಹೊಲದಲ್ಲೇ ದುಡಿಯುವವನು, ಸಭೆಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದ. ಪಟೇಲರು ಗುರುಮಲ್ಲನ ಬೆನ್ನು ತಟ್ಟಿ, "ಗೆದ್ಬುಟ್ಯಲ್ಲೋ ಮಗನೆ. ಬಾ, ದೊಡ್ಡಪ್ಪನ ಪಕ್ಕದಲ್ಲೇ ಕುಂತ್ಕ" ಎಂದರು. ಅದರಲ್ಲಿ ಕಪಟವಿರಲಿಲ್ಲ. ಮನೆಯ ಹುಡುಗ ಪಕ್ಕದಲ್ಲಿ ಕೂತರೆ ಚೆಂದ ಎಂದೇ ಅವರು ತಿಳಿದಿದ್ದರು.

ಮೇಷ್ಟ್ರು ಗುರುಮಲ್ಲನಿಗೆ, "ಮೊದಮೊದಲು ಮಾತಾಡಬೇಡ, ಸುಮ್ಮನೆ ಕೂತು ನೋಡು" ಎಂದು ಹೇಳಿ ಕಳಿಸಿದ್ದರು. ಅವನು ಮೊದಲ ಸಭೆಯಲ್ಲೇ ಮಾತಾಡಿದ.

ಆಗ ನಮ್ಮೂರಿನಲ್ಲಿ ಕರೆಂಟು ಇರಲಿಲ್ಲ. ಪಂಚಾಯ್ತಿಯವರು ಕಂಬ ನೆಟ್ಟು ಸೀಮೆಎಣ್ಣೆ ದೀಪ ಇಡಿಸಿದ್ದರು. ಇದ್ದ ದೀಪಗಳೇ ಕಡಿಮೆ. ಅದರಲ್ಲಿ ಒಂದು ಪಟೇಲರ ಮನೆಯ ಮುಂದೆ, ಇನ್ನೊಂದು ಅವರ ಮನೆಯ ಹಿಂದೆ, ದನದ ಕೊಟ್ಟಿಗೆಯ ಹತ್ತಿರ. ಕೆಳಗಿನಕೇರಿಗೆ ಇಳಿಯುವ ತಿರುವಿನಲ್ಲಿ ಒಂದೂ ಇಲ್ಲ. ಅಲ್ಲಿ ಹಿಂದಿನ ಮಳೆಗಾಲದಲ್ಲಿ ನೀರು ತರುತ್ತಿದ್ದ ಒಬ್ಬ ಹೆಂಗಸಿಗೆ ಮಬ್ಬುಗತ್ತಲಲ್ಲಿ ಹಾವು ಕಚ್ಚಿ, ಬೆಳಗಾಗುವುದರೊಳಗೆ ಸತ್ತಿದ್ದಳು. ಕಾಳಯ್ಯನ ತಮ್ಮನ ಹೆಂಡತಿ ಅವಳು.

"ಕೊಟ್ಗೆ ಇಂದ್ಲ ದೀಪ ಅಲ್ಲೇ ಯಾಕ ಇರ್ಬೇಕು ದೊಡ್ಡಪ್ಪ?" ಎಂದು ಗುರುಮಲ್ಲ ಕೇಳಿದನಂತೆ.

ಚಾವಡಿಯಲ್ಲಿ ಎಲ್ಲರೂ ಪಟೇಲರ ಮುಖ ನೋಡಿದರು. ಪಟೇಲರು ನಕ್ಕರು. "ಅದು ಮೊದ್ಲಿಂದ್ಲೂ ಅಲ್ಲೇ ಅದ ಕಣ್ಲಾ."

"ದನಗೊಳು ದೀಪ ನೋಡ್ಕಂಡು ಏನ್ ಮಾಡವು? ಕೆಳಗ್ಲಕೇರಿ ತಿರುವ್ಗೆ ಮಡಗ್ಸಿ. ಕಾಳಯ್ಯ ಇಲ್ಲೇ ಕುಂತವ್ನ, ಅವನ್ನೇ ಕೇಳಿ."

ಕಾಳಯ್ಯ ನೆಲ ನೋಡುತ್ತ ಕೂತಿದ್ದ. ತಲೆಯೆತ್ತದೆಯೇ, "ಮಡಗುದ್ರ ಒಳ್ಳೇದು ಬುದ್ಧಿ" ಎಂದ. ಆ ಒಂದು ಮಾತು ಅವನ ಬಾಯಿಂದ ಹೊರಟ ಮೇಲೆ ಇಲ್ಲವೆನ್ನಲು ಅಲ್ಲಿ ಯಾರಿಗೂ ನಾಲಗೆ ಬರಲಿಲ್ಲ. ದೀಪದ ಕಂಬ ಕೊಟ್ಟಿಗೆಯ ಹಿಂದಿನಿಂದ ತಿರುವಿಗೆ ಬಂತು. ಅದನ್ನು ಮೊದಲು ಹಚ್ಚಿದ ಸಂಜೆ ಕೆಳಗಿನಕೇರಿಯವರೆಲ್ಲ ಬಂದು ಸುಮ್ಮನೆ ಅದರ ಕೆಳಗೆ ನಿಂತಿದ್ದರು. ಮೇಷ್ಟ್ರು ಸ್ವಲ್ಪ ದೂರದಲ್ಲಿ ಕೊಡೆ ಊರಿಕೊಂಡು ನಿಂತಿದ್ದರು.

ಅವರು ಅಲ್ಲಿ ನಿಂತಿದ್ದನ್ನು ಬೇರೆಯವರೂ ನೋಡಿದರು.

ಕೆಲವೇ ದಿನಗಳಲ್ಲಿ ಮೇಷ್ಟ್ರಿಗೆ ಪುಣಜನೂರಿಗೆ ವರ್ಗವಾಯಿತು. ಆ ಕಾಲದಲ್ಲಿ ಪುಣಜನೂರೆಂದರೆ ಕಾಡು, ಆನೆ, ಮಲೇರಿಯಾ. ಅಲ್ಲಿಗೆ ಹೋಗೆಂದರೆ ಜವಾನರೂ ರಜಾ ಹಾಕುತ್ತಿದ್ದರು. ಪಟೇಲರು ಅದಕ್ಕೆ ಮುಂಚೆ ಚಾಮರಾಜನಗರಕ್ಕೆ ಹೋಗಿ ಬಂದಿದ್ದರು. ಯಾರನ್ನು ಕಂಡರು, ಏನು ಹೇಳಿದರು ಎಂದು ನನಗೆ ಗೊತ್ತಿಲ್ಲ. ಚಾವಡಿಯ ಕಟ್ಟೆಯ ಮೇಲೆ ಕೂತು ಅವರು ಆಡಿದ ಮಾತು ಮಾತ್ರ ಊರಿಗೆಲ್ಲ ಗೊತ್ತಾಯಿತು. "ಒಂದು ದೀಪ ಅತ್ಲಾಗ ಓಯ್ತು. ಇನ್ನೊಂದು ದೀಪ ಇನ್ನೊಸಿ ಅತ್ಲಾಗ ಓಗ್ಲಿ ಬುಡಿ."

ಹೊರಡುವ ದಿನ ಮೇಷ್ಟ್ರ ಸಾಮಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಎರಡು ಪಾತ್ರೆ. ಗುರುಮಲ್ಲನ ಗಾಡಿಯಲ್ಲೇ ಬಸ್ಸಿನ ರಸ್ತೆಯವರೆಗೆ ಕರೆದುಕೊಂಡು ಹೋದೆವು. ಬಸ್ಸು ಹತ್ತುವಾಗ ಅವರೇ, "ಅಲ್ಲಿ ಆನೆಗಳಿಗೆ ಓಟಿಲ್ಲ, ಅದೊಂದೇ ಬೇಜಾರು" ಎಂದು ನಗಿಸಲು ನೋಡಿದರು. ಗುರುಮಲ್ಲ ಮುಖ ತಿರುಗಿಸಿ ಎತ್ತಿನ ಕೊರಳಪಟ್ಟಿ ಸರಿ ಮಾಡುತ್ತ ನಿಂತುಬಿಟ್ಟ.

ಭಾನುವಾರದ ಪಂಚಾಯ್ತಿ ಅಲ್ಲಿಗೆ ನಿಂತಿತು. ಹೊಸ ಮೇಷ್ಟ್ರು ಬಂದರು. ಒಳ್ಳೆಯವರೇ. ಭಾನುವಾರ ಊರಿನಲ್ಲಿರುತ್ತಿರಲಿಲ್ಲ. ಜೊತೆಯ ಹುಡುಗರು ಒಬ್ಬೊಬ್ಬರಾಗಿ ಚದುರಿದರು. ಪಟೇಲರ ಮೀಸೆ ತಿರುವಿದ್ದವನು ಸುಲ್ತಾನ್ ಬತ್ತೇರಿಯ ಕಡೆ ಕಾಫಿ ತೋಟಕ್ಕೆ ಮೇಸ್ತ್ರಿಯಾಗಿ ಹೋದ. ತಿರುವಿನ ದೀಪಕ್ಕೆ ಪಂಚಾಯ್ತಿಯ ಎಣ್ಣೆ ಯಾವಾಗಲೂ ಕಡಿಮೆ ಬೀಳತೊಡಗಿತು. ಗುರುಮಲ್ಲ ತನ್ನ ಮನೆಯ ಬುಡ್ಡಿಯ ಎಣ್ಣೆಯನ್ನು ಅದಕ್ಕೆ ಹುಯ್ಯುತ್ತಿದ್ದ. ಅವನ ತಾಯಿ ಸೂರ್ಯ ಮುಳುಗುವ ಮುಂಚೆಯೇ ಅಡುಗೆ ಮುಗಿಸಿ ಕತ್ತಲಲ್ಲಿ ಕೂರುತ್ತಿದ್ದಳು.

ಒಂದು ದಿನ ಅವನು ನಮ್ಮ ಜಗಲಿಗೆ ಬಂದು, "ರಾಜೀನಾಮೆ ಕೊಟ್ಬುಡ್ತಿನಿ ಕಣ್ಲಾ" ಎಂದ. "ಸಭೇಲಿ ನಾ ಬಾಯ್ ಬುಟ್ರೆ ಎಲ್ರೂ ಎಲೆಯಡ್ಕ ಬಾಯಿಗಾಕತರ. ಅದೇ ಬ್ಯಾರೆ. ಆದ್ರ ಮೇಷ್ಟ್ರು ಅಲ್ಲಿ, ನಾ ಇಲ್ಲಿ ದೊಡ್ಡಪ್ಪನ ಪಕ್ಕ. ಕುಂತ್ಕಳಕ್ಕ ಆಗದಿಲ್ಲ."

"ಮೊದ್ಲು ಅವ್ರನ್ನೇ ಕೇಳನ ನಡಿ" ಎಂದೆ.

ತೆರಕಣಾಂಬಿ ಮೇಲೆ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆವು. ವೀಳ್ಯದೆಲೆಯ ಪಿಂಡಿಗಳ ನಡುವೆ ಕಾಲು ಮಡಚಿ ಕೂತು ನಾನು ಅರ್ಜಿಯ ಇಂಗ್ಲಿಷನ್ನು ಬಾಯಿಪಾಠ ಮಾಡುತ್ತಿದ್ದೆ. ವರ್ಗವನ್ನು ರದ್ದು ಮಾಡಿಸಬಹುದು ಎಂದು ನಮಗಿನ್ನೂ ಆಸೆಯಿತ್ತು. ವಿದ್ಯಾ ಇಲಾಖೆಯ ಕಚೇರಿಯಲ್ಲಿ ನಮ್ಮನ್ನು ಊಟದ ಹೊತ್ತು ದಾಟುವವರೆಗೆ ನಿಲ್ಲಿಸಿ ಆಮೇಲೆ ಒಳಗೆ ಬಿಟ್ಟರು. ಸಾಹೇಬರು ಸೌಮ್ಯವಾದ ಮನುಷ್ಯ. "ವರ್ಗ ಸಾರ್ವಜನಿಕರ ಹಿತಕ್ಕಾಗಿ ಮಾಡಿದ್ದು" ಎಂದರು.

"ಯಾವ ಸಾರ್ವಜನಿಕ್ರು ಸಾ? ನಾವೇ ಅಲ್ವ ಸಾರ್ವಜನಿಕ್ರು?" ಎಂದ ಗುರುಮಲ್ಲ.

ಸಾಹೇಬರು ನಕ್ಕರು. "ನೀವು ಸಾರ್ವಜನಿಕರು ಹೇಗಾಗ್ತೀರಪ್ಪ? ನೀವು ಪಂಚಾಯ್ತಿ ಮೆಂಬರು."

ನಾನು ಬಾಯಿಪಾಠ ಮಾಡಿದ್ದ ಇಂಗ್ಲಿಷು ಅಷ್ಟೂ ಹೊಟ್ಟೆಯಲ್ಲೇ ಉಳಿಯಿತು. ಹೊರಗೆ ಬಂದು ಒಂದು ಹೋಟೆಲಿನಲ್ಲಿ ದೋಸೆ ತಿಂದೆವು. ಗುರುಮಲ್ಲ ಅರ್ಧಕ್ಕೇ ಬಿಟ್ಟೆದ್ದ. ಮಿಕ್ಕರ್ಧವನ್ನು ನಾನೇ ತಿಂದೆ. ಸಂಕಟವಾದಾಗ ನನಗೆ ಹಸಿವು ಹೆಚ್ಚು.

ಸತ್ಯಮಂಗಲದ ಕಡೆ ಹೋಗುವ ಬಸ್ಸಿನಲ್ಲಿ ಪುಣಜನೂರಿಗೆ ಹೊರಟೆವು. ಹೊಲಗಳು ಮುಗಿದು ಬಿದಿರು ಶುರುವಾಯಿತು. ರಸ್ತೆಯ ಎರಡು ಕಡೆಯೂ ಮರಗಳು ಒತ್ತಿಕೊಂಡು ಬಂದು ಬಸ್ಸಿನ ಒಳಗೇ ಒಂದು ಬಗೆಯ ಹಸಿರು ಕತ್ತಲೆ. ಕಂಡಕ್ಟರು ನಮ್ಮ ಪಕ್ಕದವನ ಜೊತೆ ತಮಿಳು ಕನ್ನಡ ಕಲಸಿ ಮಾತಾಡುತ್ತಿದ್ದ. ಇಳಿದು ಶಾಲೆಯೆಲ್ಲಿ ಎಂದು ಕೇಳಿದಾಗ ಒಬ್ಬ ಹೆಂಗಸು ಕೈತೋರಿಸಿ, "ಐನೋರ್ಗೆ ಜರ" ಎಂದಳು.

ಬಿಸಿಲು ಸುಡುತ್ತಿತ್ತು. ಆ ಬಿಸಿಲಿನಲ್ಲಿ ಮೇಷ್ಟ್ರು ಶಾಲೆಯ ಮುಂದೆ ಗೋಡೆಗೊರಗಿ ಕಂಬಳಿ ಹೊದ್ದು ಕೂತಿದ್ದರು. ಮುಖದಲ್ಲಿ ಮೂಗು ಕಣ್ಣು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಕಂಬಳಿಯೊಳಗಿಂದ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ನಮ್ಮನ್ನು ನೋಡಿ ಏಳಲು ಹೋದರು, ಆಗಲಿಲ್ಲ.

"ಜೋರಾಗಿ ಮಾತಾಡಿ. ಕ್ವಿನೈನ್ ಕುಡಿದು ಕುಡಿದು ಕಿವಿ ಗುಂಯ್ ಅನ್ನುತ್ತೆ" ಎಂದರು. ಆಮೇಲೆ ಮೊದಲ ಮಾತೇ, "ದೀಪ ಉರೀತಾ ಇದೆಯೇನೋ?"

"ಉರೀತದ ಸಾ" ಎಂದ ಗುರುಮಲ್ಲ. ಎಣ್ಣೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಡುಕ ಸ್ವಲ್ಪ ಇಳಿದ ಮೇಲೆ ಗುರುಮಲ್ಲ ತಾನು ಬಂದ ವಿಷಯ ಹೇಳಿದ. ಜೋರಾಗಿ ಹೇಳಬೇಕಾಗಿದ್ದರಿಂದ ಸುತ್ತಲಿನ ಗುಡಿಸಲುಗಳಿಗೆಲ್ಲ ಕೇಳಿಸಿತು. "ರಾಜೀನಾಮೆ ಕೊಡ್ತಿನಿ ಸಾ. ನಿಮ್ಗೋಸ್ಕರ."

ಮೇಷ್ಟ್ರು ಅವನನ್ನೇ ನೋಡಿದರು. ಬಳಪ ಕದ್ದಾಗ ನನ್ನನ್ನು ನೋಡಿದ್ದ ಹಾಗೆಯೇ.

"ನಾನು ನಿನ್ನ ನನಗೋಸ್ಕರ ನಿಲ್ಲಿಸಿದ್ನೇನೋ?"

ಗುರುಮಲ್ಲ ಟವಲಿನ ತುದಿ ತಿರುಚಿದ.

"ನೀನು ಎದ್ದು ಬಂದ್ರೆ ಆ ಜಾಗಕ್ಕೆ ಯಾರು ಬರ್ತಾರೆ? ವಿವರವಾಗಿ ಹೇಳು."

"ದೊಡ್ಡಪ್ಪನ ಅಳಿಯ ಬತ್ತನ ಸಾ."

"ಅವನು ಬಂದ್ರೆ ದೀಪ?"

"ತಿರ್ಗ ಕೊಟ್ಗೆ ಇಂದಕ್ಕೆ ಓಯ್ತದ."

"ಮತ್ತೆ?" ಎಂದರು ಮೇಷ್ಟ್ರು. ಆ ಒಂದು ಶಬ್ದ ಹೇಳುವಷ್ಟರಲ್ಲಿ ಅವರಿಗೆ ಉಸಿರು ಸಾಲದೆ ಬಂತು. "ಮಾತಾಡದಿದ್ರೂ ಪರವಾಗಿಲ್ಲ. ಅವರು ಎಲೆಯಡಿಕೆ ಹಾಕ್ಕೊಳ್ಳಲಿ. ನೀನು ಕೂತಿರು. ಒಬ್ಬ ಹುಡುಗ ಅಲ್ಲಿ ಕೂತಿದಾನೆ ಅಂತ ಊರಿನ ಬೇರೆ ಹುಡುಗರು ನೋಡಲಿ."

ನಮ್ಮ ಜೊತೆ ಊರಿಗೆ ಬನ್ನಿ, ಡಾಕ್ಟರಿಗೆ ತೋರಿಸೋಣ ಎಂದು ಬೇಡಿಕೊಂಡೆವು. "ಪರೀಕ್ಷೆ ಹತ್ರ ಬಂತು. ಇಲ್ಲಿ ಮೊದಲನೇ ಸಲ ಒಬ್ಬಳು ಹುಡುಗಿ ಪರೀಕ್ಷೆಗೆ ಕೂರ್ತಿದಾಳೆ. ಅದು ಮುಗೀಲಿ" ಎಂದರು. ಸಂಜೆಯ ಬಸ್ಸಿಗೆ ನಾವು ಹೊರಟಾಗ ಜ್ವರ ಮತ್ತೆ ಏರಿತ್ತು. ಗುರುಮಲ್ಲ ತನ್ನ ಟವಲನ್ನು ಅವರ ಕಾಲಿಗೆ ಸುತ್ತಿ ಬಂದ. ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನ ಹೆಗಲು ಅಲುಗಾಡುತ್ತಿತ್ತು. ರಸ್ತೆ ಕೆಟ್ಟದಾಗಿತ್ತು, ಅದಕ್ಕೇ ಇರಬೇಕು ಎಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರ ಅಕ್ಕ ಬಂದು ಅವರನ್ನು ಸಂತೆಮರಹಳ್ಳಿಗೆ ಕರೆದುಕೊಂಡು ಹೋದರಂತೆ. ಮುಂಗಾರು ಕಚ್ಚಿಕೊಳ್ಳುವ ಹೊತ್ತಿಗೆ ಅವರು ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಆ ವಾರವೇ ಪಂಚಾಯ್ತಿ ಸಭೆ. ನಾನು ಚಾವಡಿಯ ಹೊರಗೆ ನಿಂತಿದ್ದೆ. ಸಭೆ ಶುರುವಾಗುತ್ತಲೇ ಪಟೇಲರು ಎದ್ದು, ನಮ್ಮೂರ ಮಕ್ಕಳಿಗೆ ಅಕ್ಷರ ಕಲಿಸಿದ ಪುಣ್ಯಾತ್ಮರು ದೈವಾಧೀನರಾದರು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದರು. ಹೇಳುತ್ತ ಹೇಳುತ್ತ ಪಂಚೆಯ ತುದಿ ಕಣ್ಣಿಗೊತ್ತಿಕೊಂಡರು. ಅದು ನಾಟಕವಲ್ಲ. ಅವರ ಇಬ್ಬರು ಗಂಡುಮಕ್ಕಳೂ ರಾಮಯ್ಯ ಮೇಷ್ಟ್ರ ಕೈಯಲ್ಲೇ ಅಕ್ಷರ ತಿದ್ದಿದವರು. ಮನುಷ್ಯ ಊರು ಬಿಟ್ಟು ಹೋಗಲಿ ಎಂದು ಅವರು ಬಯಸಿದ್ದರು, ಲೋಕ ಬಿಟ್ಟು ಹೋಗಲಿ ಎಂದಲ್ಲ. ಅವರು ಕಣ್ಣೊರೆಸಿಕೊಳ್ಳುವುದನ್ನು ನೋಡಿ ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಸಿಟ್ಟು ಮಾಡಲು ಆಗಲಿಲ್ಲವಲ್ಲ ಎಂದು ಇನ್ನಷ್ಟು ಸಂಕಟವಾಯಿತು.

ಎಲ್ಲರೂ ಎದ್ದು ನಿಂತು ಕೂತರು. ಗುರುಮಲ್ಲನೂ ನಿಂತು, ಕೂತ. ಆಮೇಲೆ ಹೇಳಿದ: "ದೊಡ್ಡಪ್ಪ, ಬರ್ಕಳದ್ರಲ್ಲಿ ಒಂದ್ ಮಾತ ಸೇರುಸ್ಕಳಿ. ಪುಣಜನೂರ್ಲಿ ಜರ ಬಂದು ಸತ್ರು ಅಂತ."

"ಯಾಕ್ಲಾ ಅದು?" ಎಂದರು ಪಟೇಲರು.

"ಅಲ್ಲೇ ಬಂತಲ್ಲ ಜರ. ಆ ಊರ್ ಹೆಸ್ರ ಬರ್ಕಳಿ. ಬ್ಯಾರೆ ಏನೂ ಬ್ಯಾಡ."

ಹಿರಿಯರೊಬ್ಬರು ಮೆಲ್ಲಗೆ, "ಸತ್ತೋರ ಇಚಾರ್ದಲ್ಲಿ ರಾಜಕೀಯ ಬ್ಯಾಡ ಕಣಪ್ಪ" ಎಂದರು. ಅದೇ ಸರಿ ಎಂದು ಎಲ್ಲರಿಗೂ ಅನ್ನಿಸಿತು. ಆ ಊರಿನ ಹೆಸರನ್ನು ಸಭೆಯ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಕಾಳಯ್ಯ ಬಾಯಿ ತೆರೆದ ಹಾಗಾಯಿತು, ಪಟೇಲರ ಕಡೆ ನೋಡಿ ಮುಚ್ಚಿಕೊಂಡ.

ಗುರುಮಲ್ಲ ರಾಜೀನಾಮೆ ಕೊಡಲಿಲ್ಲ. ಅವಧಿ ಮುಗಿಯುವವರೆಗೂ ಒಂದು ಸಭೆಯನ್ನೂ ತಪ್ಪಿಸದೆ ಹೋಗಿ ಕೂತ. ನಾನು ಅಷ್ಟರಲ್ಲಿ ಚಾಮರಾಜನಗರದಲ್ಲಿ ಒಂದು ಗುಮಾಸ್ತೆ ಕೆಲಸ ಹಿಡಿದಿದ್ದೆ. ರಜಕ್ಕೆ ಊರಿಗೆ ಹೋದಾಗೆಲ್ಲ ಅವನು ಸಿಗುತ್ತಿದ್ದ. ನಗು ಕಡಿಮೆಯಾಗಿತ್ತು.

ಮತ್ತೆ ಚುನಾವಣೆ ಬಂದಾಗ ಪಟೇಲರೇ ಅವನ ಮನೆಗೆ ಹೋಗಿ, "ನಿನ್ನೆದುರ್ಗೆ ಯಾರನ್ನೂ ನಿಲ್ಲುಸಲ್ಲ ಕಣ್ ಮಗ. ನೀನೇ ಇರು" ಎಂದರಂತೆ. ಮೇಷ್ಟ್ರ ವಿಷಯ ಅವರನ್ನು ಒಳಗೇ ಕೊರೆಯುತ್ತಿತ್ತೋ ಏನೋ. ಗುರುಮಲ್ಲ ಒಪ್ಪಲಿಲ್ಲ. "ಯಾರಾರ ನಿಲ್ಲಿ ದೊಡ್ಡಪ್ಪ. ಜನ ಓಟಾಕ್ಲಿ. ನೀವು ಬುಟ್ಕೊಟ್ಟ ಜಾಗ ನಂಗ್ಯಾಕ?" ಎಂದು ಕಳಿಸಿದ. ಆಮೇಲೆ ಊರಿನ ಒಬ್ಬೊಬ್ಬ ಹುಡುಗನ ಮನೆಗೂ ಹೋಗಿ, ನೀವೂ ನಿಲ್ಲಿ ಎಂದು ಕೇಳಿದ. ಹುಡುಗರು ತಲೆ ಕೆರೆದುಕೊಂಡರು. ಅವರ ತಾಯಂದಿರು ಮುಂದೆ ಬಂದು ಹೇಳಿದರು: "ಬ್ಯಾಡ ಕಣಪ್ಪ. ಏಳ್ಕೊಟ್ಟೋರ್ಗೇ ಆ ಗತಿ ಆಯ್ತು. ನಮ್ಮೈಕ್ಳು ಎಲ್ಲಾರ ಒಂದ್ಕಡೆ ಬದುಕ್ಕಳ್ಲಿ." ಒಬ್ಬನೂ ನಿಲ್ಲಲಿಲ್ಲ. ಹುಡುಗರ ಪೈಕಿ ಗುರುಮಲ್ಲ ಒಬ್ಬನೇ ನಿಂತ, ಸೋತ. ಹೋದ ಸಲ ಅವನಿಗೆ ಓಟು ಹಾಕಿದ್ದ ಹೆಂಗಸರಿಗೆ ಅವನ ಮೇಲೆ ಕೋಪವಿರಲಿಲ್ಲ, ಭಯವಿತ್ತು. ಅವನು ಗೆದ್ದರೆ ಅವನಿಗೇ ಏನಾದರೂ ಆದೀತೆಂಬ ಭಯ.

ಅದಾದ ಮೇಲಿನ ಬೇಸಿಗೆಯಲ್ಲಿ ನಾನು ಊರಿಗೆ ಹೋಗಿದ್ದೆ. ಮನೆಯಲ್ಲಿ ಗುರುಮಲ್ಲ ಇರಲಿಲ್ಲ. "ಚಾವ್ಡಿ ತಾವ ಅವ್ನೆ, ಇವತ್ತು ಮೀಟಿಂಗು" ಎಂದಳು ಅವನ ತಾಯಿ. ಸದಸ್ಯನಲ್ಲದವನಿಗೆ ಮೀಟಿಂಗಿನಲ್ಲಿ ಏನು ಕೆಲಸ ಎಂದುಕೊಂಡು ಹೋದೆ. ಅವನು ಹೊರಗೆ, ಚಾವಡಿಯ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದ. ಒಳಗೆ ಹೊಸ ಸದಸ್ಯರು ಕೂತಿದ್ದರು. ಎಲ್ಲರದೂ ನೆರೆತ ತಲೆ. ಯಾವುದೋ ದಾರಿಯ ವಿಷಯ ಮಾತಾಡುತ್ತಿದ್ದರು.

"ಏನ್ಲಾ ಮಾಡ್ತಿದ್ದಯ್ ಇಲ್ಲಿ?" ಎಂದೆ ಮೆಲ್ಲಗೆ.

"ಕೇಳುಸ್ಕತಾ ಇವ್ನಿ. ಗುಟ್ಟಿನ ಮೀಟಿಂಗಲ್ವಲ್ಲ. ಊರ್ದು" ಎಂದ.

ಒಳಗಿದ್ದವರು ನಮ್ಮ ಕಡೆ ನೋಡಿದರು. ಒಬ್ಬರು ಕೆಮ್ಮಿ, "ಗಾಳಿ ಬತ್ತಾ ಅದ, ಕಾಗ್ದ ಆರ್ತವೆ. ಆ ಕಿಟ್ಕಿ ಮುಚ್ಚಪ್ಪ" ಎಂದರು. ಇನ್ನೊಬ್ಬರು ಎದ್ದು ಬಂದು, ಗುರುಮಲ್ಲನ ಮುಖ ನೋಡದೆ, ಎರಡೂ ಬಾಗಿಲು ಎಳೆದು ಅಗುಳಿ ಹಾಕಿದರು.

ಹೊರಗೆ ಚಾವಡಿಯ ಮುಂದಿನ ಹೊಂಗೆಮರದಲ್ಲಿ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಗುರುಮಲ್ಲ ಮುಚ್ಚಿದ ಕಿಟಕಿಯ ಕಡೆಗೆ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ನಿಂತ.